ಸಾಕುನಾಯಿಗೆ ಆಂಟಿಬಯಾಟಿಕ್: ಒಡೆಯರ ಮನೋಭಾವ ಮತ್ತು ಔಷಧ ವ್ಯಾಪಾರಿಗಳ ಹೊಣೆ

ಅವಳಿ ನಗರಗಳಲ್ಲಿ ಶ್ವಾನಪಾಲನೆಯು ಒಂದು ಕಾಲಕ್ಕೆ ದೊಡ್ಡ ಬಂಗಲೆಗಳ ಹವ್ಯಾಸವೆನಿಸಿತ್ತು. ಇಂದು ಹಾಗಿಲ್ಲ. ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರಗಳ ಅಪಾರ್ಟ್‌ಮೆಂಟುಗಳಲ್ಲಿ ಲ್ಯಾಬ್ರಡಾರ್ ಹಾಗೂ ಪಗ್ ನಾಯಿಗಳು ಮನೆಯ ಮಕ್ಕಳಂತೆಯೇ ಬೆಳೆಯುತ್ತಿವೆ. ಗೋಕುಲ ರಸ್ತೆ ಮತ್ತು ತಾರಿಹಾಳದ ಕಾರ್ಖಾನೆಗಳ ಗೇಟಿನಲ್ಲಿ, ಅಮರಗೋಳದ ಮಾರುಕಟ್ಟೆ ಪ್ರಾಂಗಣದ ಗೋದಾಮುಗಳಲ್ಲಿ ರಾತ್ರಿಯ ಕಾವಲಿಗೆ ನಾಯಿಗಳಿವೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ದೊರೆಯಿತು. ಆ ತಳಿಯ ಮರಿಯನ್ನು ಅಭಿಮಾನದಿಂದ ತಂದು ಸಾಕಿದ ವ್ಯಾಪಾರಿ ಬಂಧುಗಳೂ ನಮ್ಮಲ್ಲಿದ್ದಾರೆ. ಹೀಗಿರುವಾಗ ನಾಯಿಯ ಕಾಯಿಲೆ, ಅದರ ಔಷಧ, ಆ ಔಷಧದ ಮಾರಾಟ, ಇವೆಲ್ಲವೂ ನಮ್ಮ ಸದಸ್ಯರಿಗೆ ಎರಡು ಕಡೆಯಿಂದ ಸಂಬಂಧಿಸಿದ ವಿಷಯಗಳಾಗಿವೆ. ಕೆಲವರು ಕೊಳ್ಳುವವರು, ಕೆಲವರು ಮಾರುವವರು. ಈ ಲೇಖಕನು ಮೂವತ್ತು ವರ್ಷಗಳಿಂದ ಮಾರುವವನು; ನಡುವೆ ಎಂಟು ವರ್ಷ ನಾಯಿ ಸಾಕಿ ಕೊಳ್ಳುವವನೂ ಆಗಿದ್ದನು. ಆದ್ದರಿಂದ ಇಲ್ಲಿನ ಟೀಕೆಗಳಲ್ಲಿ ಅರ್ಧ ಭಾಗ ತನಗೇ ಸಲ್ಲಬೇಕಾದದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಅಮರಗೋಳದಲ್ಲಿ ದಲ್ಲಾಳಿ ಅಂಗಡಿ ಹೊಂದಿರುವ ಸ್ನೇಹಿತರೊಬ್ಬರು ಗೋದಾಮಿನಲ್ಲಿ ಅಲ್ಸೇಷಿಯನ್ ನಾಯಿಯೊಂದನ್ನು ಸಾಕಿದ್ದರು. ಅದರ ಕಿವಿ ಸೋರತೊಡಗಿದಾಗ ಮೊದಲ ಸಲ ಪಶುವೈದ್ಯರಲ್ಲಿ ತೋರಿಸಿ ಚೀಟಿ ತಂದಿದ್ದರು. ವಾರದೊಳಗೆ ವಾಸಿಯಾಯಿತು. ಮೂರು ತಿಂಗಳಾದ ಮೇಲೆ ಅದೇ ಚೀಟಿ ಮಡಿಕೆಗಳಲ್ಲಿ ಹರಿದು ನನ್ನ ಕೌಂಟರಿಗೆ ಬಂದಿತು. "ಮತ್ತ ಕಿವಿ ಸೋರಾಕ ಹತ್ತೈತ್ರಿ. ಹೋದ ಸಲ ಕೊಟ್ಟಿದ್ರಲ್ಲ, ಅದ ಗುಳಿಗಿ ಕೊಡ್ರಿ" ಎಂದರು. ಕೊಟ್ಟೆನು. ಅದರ ಮುಂದಿನ ಸಲ ಚೀಟಿಯೂ ಬರಲಿಲ್ಲ, ಆಳಿನ ಕೈಯಲ್ಲಿ ಖಾಲಿ ಸ್ಟ್ರಿಪ್ ಬಂದಿತು. ಆಗಲೂ ಕೊಟ್ಟೆನು. ಒಮ್ಮೆ ಆ ಗುಳಿಗೆಯಿಂದ ಗುಣ ಕಾಣಲಿಲ್ಲವೆಂದಾಗ, "ಸ್ವಲ್ಪ ಜಾಸ್ತಿ ಪವರಿಂದು ಕೊಡ್ರಿ" ಎಂಬ ಮಾತಿಗೆ ಒಪ್ಪಿ, ಬೇರೊಂದು ಕಂಪನಿಯ ಬೇರೊಂದು ವರ್ಗದ ಔಷಧವನ್ನು ನಾನೇ ಆರಿಸಿ ಕೊಟ್ಟದ್ದೂ ಉಂಟು. ಒಂದೂವರೆ ವರ್ಷದಲ್ಲಿ ಐದು ಸಲ ಹೀಗಾಯಿತು.

ಕೊನೆಗೆ ನಾಯಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ನಡೆಯತೊಡಗಿದಾಗ ಅವರು ವೈದ್ಯರಲ್ಲಿಗೆ ಮರಳಿದರು. ವೈದ್ಯರು ಕಿವಿಯ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದಷ್ಟನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ಮೂರನೆಯ ದಿನ ವರದಿ ಬಂದಿತು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಪಟ್ಟಿಯಲ್ಲಿದ್ದ ಔಷಧಗಳಲ್ಲಿ ಬಹುತೇಕ ಎಲ್ಲದರ ಮುಂದೆ 'ನಿರೋಧಕ' ಎಂಬ ಗುರುತಿತ್ತು. ವೈದ್ಯರು ವಿವರಿಸಿದಂತೆ ಮೂಲದಲ್ಲಿ ಇದ್ದದ್ದು ಅಲರ್ಜಿ; ಆ ಅಲರ್ಜಿಯಿಂದ ತೇವಗೊಂಡ ಕಿವಿಯಲ್ಲಿ ಶಿಲೀಂಧ್ರ ಬೆಳೆದಿತ್ತು. ಶಿಲೀಂಧ್ರಕ್ಕೂ ಅಲರ್ಜಿಗೂ ಆಂಟಿಬಯಾಟಿಕ್ ಗುಳಿಗೆಯಿಂದ ಏನೂ ಆಗುವುದಿಲ್ಲ. ಪ್ರತಿ ಸಲವೂ ಕೆಲವು ದಿನ ಹಿತವೆನಿಸಿದ್ದು ನಿಜ. ಆದರೆ ಪ್ರತಿ ಸಲವೂ ದುರ್ಬಲ ಸೂಕ್ಷ್ಮಾಣುಗಳು ಸತ್ತು, ಔಷಧಕ್ಕೆ ಜಗ್ಗದವುಗಳಿಗೆ ಜಾಗ ತೆರವಾಗುತ್ತ ಹೋಗಿತ್ತು. ನಾಯಿಗೆ ಅರಿವಳಿಕೆ ಕೊಟ್ಟು ಕಿವಿ ತೊಳೆದು, ಉಳಿದಿದ್ದ ಒಂದೆರಡು ಔಷಧಗಳಲ್ಲಿ ಒಂದನ್ನು ಬಳಸಿ ವಾರಗಟ್ಟಲೆ ಚಿಕಿತ್ಸೆ ನಡೆಯಿತು. ಪ್ರಾಣಿ ಬದುಕಿತು, ಆದರೆ ಆ ಕಿವಿ ಕೇಳಿಸದಾಯಿತು. ಸ್ನೇಹಿತರು ನನ್ನನ್ನು ದೂರಲಿಲ್ಲ. ಖರ್ಚಿನ ಲೆಕ್ಕವನ್ನು ಮಾತ್ರ ದಲ್ಲಾಳಿಗೆ ತಕ್ಕಂತೆ ಬರೆದಿಟ್ಟಿದ್ದರು. ಮೊದಲ ಸಲವೇ ಕಲ್ಚರ್ ಮಾಡಿಸಿದ್ದರೆ ಆಗುತ್ತಿದ್ದ ಖರ್ಚು, ಐದು ಸಲ ನನ್ನಲ್ಲಿ ಕೊಂಡ ಗುಳಿಗೆಗಳ ಮೊತ್ತಕ್ಕಿಂತ ಕಡಿಮೆಯಿತ್ತು. ಕೊನೆಯ ಚಿಕಿತ್ಸೆಯ ಮಾತು ದೂರವೇ ಉಳಿಯಿತು.

ಒಡೆಯರ ನಂಬಿಕೆಗಳು

ನಾಯಿ, ಬೆಕ್ಕು ಸಾಕಿದವರು ಔಷಧದ ವಿಷಯದಲ್ಲಿ ಬೇಜವಾಬ್ದಾರರೆಂದು ಹೇಳುವುದು ಅನ್ಯಾಯವಾದೀತು. ಅವರಲ್ಲಿ ಪ್ರೀತಿಯ ಕೊರತೆಯಿಲ್ಲ; ಅನೇಕ ಸಲ ತಪ್ಪಿಗೆ ಪ್ರೀತಿಯ ಅವಸರವೇ ಕಾರಣ. ಪ್ರಾಣಿ ಬಾಯಿಬಿಟ್ಟು ನೋವು ಹೇಳಲಾರದು. ಅದು ಒಂದು ಹೊತ್ತು ಅನ್ನ ಬಿಟ್ಟರೆ ಮನೆಯವರೂ ಅನ್ನ ಬಿಡುತ್ತಾರೆ. ಆಗ ಏನಾದರೊಂದು ಔಷಧ ಹೊಟ್ಟೆಗೆ ಬಿದ್ದರೆ ಸಾಕೆಂಬ ಭಾವನೆ ಬರುತ್ತದೆ. ವೈದ್ಯರು ಪರೀಕ್ಷಿಸಿ, ಎರಡು ದಿನ ಕಾಯೋಣ, ಗಂಜಿ ಮತ್ತು ನೀರು ಕೊಡಿ ಎಂದು ಕಳುಹಿಸಿದರೆ ಏನೂ ಮಾಡಲಿಲ್ಲವೆಂಬ ಅಸಮಾಧಾನ. ಸೂಜಿ ಹಾಕಿದರೆ ಒಳ್ಳೆಯ ಡಾಕ್ಟರರೆಂಬ ಕೀರ್ತಿ. ಕೊಟ್ಟ ಹಣಕ್ಕೆ ಕೈಗೆ ಸರಕು ಸಿಗಬೇಕೆಂಬ ಈ ಧೋರಣೆ ನಮ್ಮಂಥ ವ್ಯಾಪಾರಿಗಳಲ್ಲಿ ತುಸು ಹೆಚ್ಚೇ ಇರುತ್ತದೆ.

'ಪವರ್' ಎಂಬ ಮಾತಿನ ಅರ್ಥವನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯವೆನಿಸುತ್ತದೆ. ಆಂಟಿಬಯಾಟಿಕ್‌ಗಳಲ್ಲಿ ಮೋಟರಿನ ಅಶ್ವಶಕ್ತಿಯಂತೆ ಹೆಚ್ಚು ಕಡಿಮೆ ಎಂಬ ಒಂದೇ ಅಳತೆ ಇಲ್ಲ. ಒಂದೊಂದು ಔಷಧ ಒಂದೊಂದು ಗುಂಪಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತದೆ. ಬೆಲೆ ಹೆಚ್ಚಿನ ಹೊಸ ಔಷಧವು ಅನೇಕ ವೇಳೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯೇ ಹೊರತು, ನಮ್ಮ ನಾಯಿಯನ್ನು ಕಾಡುತ್ತಿರುವ ಒಂದನ್ನು ಹೆಚ್ಚು ಚೆನ್ನಾಗಿ ಕೊಲ್ಲುತ್ತದೆಂದು ಅರ್ಥವಲ್ಲ. ವೈರಸ್ಸಿನ ಮೇಲಂತೂ ಯಾವ ಆಂಟಿಬಯಾಟಿಕ್ ಕೂಡ ಕೆಲಸ ಮಾಡದು.

ಮರಿಗಳಲ್ಲಿ ರಕ್ತಭೇದಿ ತರುವ ಪಾರ್ವೊ ರೋಗವನ್ನೇ ನೋಡಬಹುದು. ಅದು ವೈರಸ್ಸಿನಿಂದ ಬರುವಂಥದು. ಕರುಳಿನ ಒಳಪದರ ಹಾಳಾಗಿ, ಬಿಳಿ ರಕ್ತಕಣಗಳು ಇಳಿದಾಗ ಕರುಳಿನ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುವ ಅಪಾಯವಿರುವುದರಿಂದ ವೈದ್ಯರು ಆಂಟಿಬಯಾಟಿಕ್ ಕೊಡುತ್ತಾರೆ. ಮರಿಯನ್ನು ಮುಖ್ಯವಾಗಿ ಉಳಿಸುವುದು ಸಲೈನ್ ಮತ್ತು ಆರೈಕೆ. ಆದರೆ ಒಡೆಯರ ನೆನಪಿನಲ್ಲಿ ಉಳಿಯುವುದು ಇಂಜೆಕ್ಷನ್ನಿನ ಹೆಸರು. ಮುಂದಿನ ಸಲ ಪಕ್ಕದ ಮನೆಯ ಮರಿಗೆ ಸಾದಾ ಭೇದಿಯಾದಾಗ ಆ ಹೆಸರು ಶಿಫಾರಸಾಗಿ ನಮ್ಮ ಅಂಗಡಿಗೆ ಬರುತ್ತದೆ. ಅದೇ ಒಡೆಯರನ್ನು ಲಸಿಕೆಯ ಬಗೆಗೆ ಕೇಳಿದರೆ, ಒಂದು ಹಾಕಿಸಿದ್ದೆವು, ಆಮೇಲೆ ಹಾಕಿಸಲಾಗಲಿಲ್ಲ ಎನ್ನುತ್ತಾರೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ ಹದಿನಾರನೆಯ ವಾರದವರೆಗೆ ಮರುಕಳಿಸಬೇಕಾದ ಲಸಿಕೆ ಇದು. ಒಂದೇ ಸಲಕ್ಕೆ ಮುಗಿಯುವುದಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಉಣ್ಣೆಜ್ವರ. ನಮ್ಮ ಭಾಗದ ನಾಯಿಗಳಲ್ಲಿ ಉಣ್ಣೆಯ ಕಾಟ ಬಲ್ಲವರೇ ಬಲ್ಲರು. ಕಂದು ಬಣ್ಣದ ನಾಯಿ ಉಣ್ಣೆಯಿಂದ ಹರಡುವ ಎರ್ಲಿಕಿಯ ಎಂಬ ಸೋಂಕಿನಲ್ಲಿ ಜ್ವರ ಬರುತ್ತದೆ, ವಸಡು ಬಿಳಚಿಕೊಳ್ಳುತ್ತದೆ, ಮೂಗಿನಿಂದ ರಕ್ತವೂ ಸೋರಬಹುದು. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ನಿಜವಾಗಿಯೂ ಬೇಕು, ಅದೂ ಸಾಮಾನ್ಯವಾಗಿ 28 ದಿನಗಳ ಕಾಲ. ಆದರೆ ಎರಡು ಮೂರು ದಿನಗಳಲ್ಲೇ ನಾಯಿ ಬಾಲ ಅಲ್ಲಾಡಿಸಿ ರೊಟ್ಟಿ ತಿನ್ನತೊಡಗುತ್ತದೆ. "ಆರಾಮ ಆಗೇತಲ್ರಿ, ಸುಮ್ನ ಯಾಕ ಗುಳಿಗಿ ನುಂಗಸೂದು?" ಮೂರು ಸ್ಟ್ರಿಪ್ ಬರೆದಿದ್ದರೆ ಒಂದನ್ನು ಒಯ್ಯುತ್ತಾರೆ, ಅದರಲ್ಲಿಯೂ ಉಳಿದದ್ದನ್ನು ಕಪಾಟಿನಲ್ಲಿಡುತ್ತಾರೆ. ರೋಗಾಣು ಮೈಯಲ್ಲಿ ಅಡಗಿ, ತಿಂಗಳುಗಳ ಮೇಲೆ ಮರುಕಳಿಸುತ್ತದೆ. ಬೇಡದ ಕಡೆ ಬೇಡಿ ಪಡೆಯುವ ಔಷಧವನ್ನೇ, ಬೇಕಾದ ಕಡೆ ಅರ್ಧಕ್ಕೆ ನಿಲ್ಲಿಸುವುದು ವಿಚಿತ್ರವಾಗಿ ಕಂಡರೂ ಎರಡಕ್ಕೂ ಕಾರಣ ಒಂದೇ: ಔಷಧದ ಅವಧಿಯನ್ನು ರೋಗವಲ್ಲ, ನಮ್ಮ ಕಣ್ಣಿಗೆ ಕಾಣುವ ಲಕ್ಷಣವೇ ತೀರ್ಮಾನಿಸುತ್ತದೆಂಬ ನಂಬಿಕೆ. ಹಾಗೆಂದು ದೀರ್ಘಾವಧಿಯೇ ಯಾವಾಗಲೂ ಉತ್ತಮವೆಂದೂ ಅಲ್ಲ. ಹಲವು ಸೋಂಕುಗಳಲ್ಲಿ ಕಡಿಮೆ ದಿನಗಳ ಚಿಕಿತ್ಸೆ ಸಾಕೆಂಬ ಅಭಿಪ್ರಾಯ ಈಗ ವೈದ್ಯರಲ್ಲಿ ಬಲಗೊಂಡಿದೆ. ಎಷ್ಟು ದಿನವೆಂಬುದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು. ಅಂಗಡಿಯವನೂ ಅಲ್ಲ, ಒಡೆಯನೂ ಅಲ್ಲ.

ಮನುಷ್ಯರ ಔಷಧವನ್ನು ಪ್ರಾಣಿಗೆ ಹಾಕುವ ರೂಢಿಯ ಬಗೆಗೆ ಒಂದೆರಡು ಮಾತು ಸಾಕು. ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಗುಳಿಗೆಯೇ ಮಾರಕವಾಗಬಲ್ಲದು. ಬೆಳೆಯುವ ಮರಿಗೆ ಎನ್ರೋಫ್ಲಾಕ್ಸಸಿನ್ ವರ್ಗದ ಔಷಧ ಕೊಟ್ಟರೆ ಕೀಲಿನ ಮೃದ್ವಸ್ಥಿಗೆ ಹಾನಿಯಾದೀತು. ಬೆಕ್ಕಿಗೆ ಅದರ ಪ್ರಮಾಣ ಮೀರಿದರೆ ದೃಷ್ಟಿಯೇ ಹೋಗುವ ಅಪಾಯವಿದೆ. ನಾಯಿಗೆ ಕೊಡುವುದೇ ಆದ್ದರಿಂದ ಚೀಟಿ ಬೇಡವೆನ್ನುವವರು ಇದನ್ನು ಗಮನಿಸಬೇಕು.

ಕೇಳಿದವರು ಯಾರು, ಕೊಟ್ಟವರು ಯಾರು?

ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಒಡೆಯರನ್ನೂ ಪಶುವೈದ್ಯರನ್ನೂ ಮಾತನಾಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯಕರವಾಗಿದೆ. ಒಡೆಯರು ಒತ್ತಾಯಿಸುತ್ತಾರೆಂದು ವೈದ್ಯರು ಹೇಳಿದರೆ, ನಾವೇನೂ ಒತ್ತಾಯಿಸುವುದಿಲ್ಲ, ವೈದ್ಯರೇ ಹೆಚ್ಚಾಗಿ ಬರೆಯುತ್ತಾರೆಂಬ ಭಾವನೆ ಒಡೆಯರಲ್ಲಿತ್ತು. ಪರೀಕ್ಷೆಯ ಖರ್ಚು ಮತ್ತು ಸಮಯದ ಅಭಾವ ಇಬ್ಬರನ್ನೂ ಔಷಧದ ಕಡೆಗೆ ತಳ್ಳುತ್ತಿದ್ದವು. ಹುಬ್ಬಳ್ಳಿಯಲ್ಲಿ ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನು ಔಷಧ ವ್ಯಾಪಾರಿ. ವೈದ್ಯರು ಬೇಡವೆಂದ ಔಷಧವೂ ಅವನಲ್ಲಿ ದೊರೆಯುವುದಾದರೆ ವೈದ್ಯರ ವಿವೇಕಕ್ಕೆ ಬೆಲೆಯೇ ಉಳಿಯುವುದಿಲ್ಲ. ಪಶುವೈದ್ಯರನ್ನು ಪೂರ್ಣವಾಗಿ ಬಿಟ್ಟುಬಿಡುವಂತೆಯೂ ಇಲ್ಲ. ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡುವ ವಿನಾಯಿತಿ ಕಾಯಿದೆಯಲ್ಲಿದೆ. ಕೆಲವರು ಹೆಸರು ಬರೆಯದೆ ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಕೊಡುತ್ತಾರೆ. ಮುಂದೆ ಬೇರೆ ವೈದ್ಯರಲ್ಲಿಗೆ ಹೋದಾಗ ಏನು ಕೊಟ್ಟಿದ್ದರೆಂದು ಒಡೆಯನಿಗೆ ಹೇಳಲಾಗದು.

ಇಷ್ಟಕ್ಕೂ ಒಂದು ನಾಯಿಯ ಕಿವಿಯ ಬ್ಯಾಕ್ಟೀರಿಯಾದಿಂದ ಊರಿಗೇನು ಎಂಬ ಪ್ರಶ್ನೆ ಏಳಬಹುದು. ನಾಯಿ ಹಾಸಿಗೆಯ ಮೇಲೆ ಮಲಗುತ್ತದೆ, ಮಕ್ಕಳ ಮುಖ ನೆಕ್ಕುತ್ತದೆ. ಪೋರ್ಚುಗಲ್ ಮತ್ತು ಬ್ರಿಟನ್ನಿನ ಮನೆಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಹಲವು ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಕೆಲವು ಮನೆಗಳಲ್ಲಿ ಪ್ರಾಣಿಯಲ್ಲಿಯೂ ಒಡೆಯನಲ್ಲಿಯೂ ಒಂದೇ ಬಗೆಯವಾಗಿ ಕಂಡುಬಂದಿವೆ. ಯಾರಿಂದ ಯಾರಿಗೆ ಹೋಯಿತೆಂಬುದು ಸುಲಭವಾಗಿ ತಿಳಿಯದು. ಮನುಷ್ಯನಿಂದ ನಾಯಿಗೂ ಹೋಗಬಹುದು. ಮನೆಯಲ್ಲಿ ಮಧುಮೇಹದ ಹಿರಿಯರೋ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೋ ಇದ್ದರೆ ವಿಷಯ ನಾಯಿಯ ಕಿವಿಗಷ್ಟೇ ನಿಲ್ಲುವುದಿಲ್ಲ. ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಮಂದಿ ಮೃತಪಟ್ಟರೆಂದು 'ಲ್ಯಾನ್ಸೆಟ್' ಪತ್ರಿಕೆ 2022ರಲ್ಲಿ ಅಂದಾಜು ಪ್ರಕಟಿಸಿತು. ಅದರಲ್ಲಿ ಸಾಕುಪ್ರಾಣಿಗಳ ಪಾಲು ದೊಡ್ಡದೆಂದು ಯಾರೂ ಹೇಳಿಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು: ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಕಾಲ ಬಂದರೆ, ಸಾಲದ ಪ್ರಮಾಣದಲ್ಲಿ ನುಂಗಿ ಸೂಕ್ಷ್ಮಾಣುಗಳನ್ನು ನಿರೋಧಕವಾಗಿಸುವ ಅಪಾಯವಿದೆಯೆಂದು.

ಕಾಯಿದೆ ಏನು ಹೇಳುತ್ತದೆ

ಪ್ರಾಣಿಗಳ ಔಷಧಕ್ಕೆ ಕಟ್ಟುನಿಟ್ಟು ಕಡಿಮೆಯೆಂಬ ತಪ್ಪು ತಿಳಿವಳಿಕೆ ನಮ್ಮ ವೃತ್ತಿಬಾಂಧವರಲ್ಲಿಯೂ ಇದೆ. 1945ರ ಔಷಧ ನಿಯಮಾವಳಿಯ 65ನೆಯ ನಿಯಮವನ್ನು ಓದಿದರೆ ಸಂದೇಹಕ್ಕೆ ಎಡೆಯಿಲ್ಲ. ಅನುಸೂಚಿ 'ಎಚ್'ನ ಔಷಧಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿಯು ಲಿಖಿತವಾಗಿರಬೇಕು, ವೈದ್ಯರ ಸಹಿ ಮತ್ತು ದಿನಾಂಕವಿರಬೇಕು. ಔಷಧ ಪ್ರಾಣಿಗಾದರೆ ಅದರ ಒಡೆಯನ ಹೆಸರು ಮತ್ತು ವಿಳಾಸ ನಮೂದಾಗಿರಬೇಕು. ಮತ್ತೆ ಕೊಡಬಹುದೆಂದು ವೈದ್ಯರು ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಅಮರಗೋಳದ ಸ್ನೇಹಿತರ ಹರಿದ ಚೀಟಿಯ ಮೇಲೆ ನಾನು ಎರಡನೆಯ ಸಲ ಕೊಟ್ಟದ್ದು, ಅದರ ಅನಂತರ ಚೀಟಿಯಿಲ್ಲದೆ ಕೊಟ್ಟದ್ದು, ಎರಡೂ ಈ ನಿಯಮದ ಉಲ್ಲಂಘನೆಯೇ ಆಗಿದ್ದವು.

2014ರ ಮಾರ್ಚ್ 1ರಿಂದ ಜಾರಿಗೆ ಬಂದ ಅನುಸೂಚಿ 'ಎಚ್1' ಇನ್ನೂ ಬಿಗಿಯಾದದ್ದು. ಅದರಲ್ಲಿ ಆರಂಭಕ್ಕೆ 46 ಔಷಧಗಳಿದ್ದವು. ನಾಯಿಗಳಿಗೆ ಬರೆಯುವ ಸೆಫ್‌ಪೊಡಾಕ್ಸಿಮ್, ಸೆಫ್‌ಟ್ರಯಾಕ್ಸೋನ್ ಮುಂತಾದವು ಅದೇ ಪಟ್ಟಿಯವು. ಇವುಗಳನ್ನು ಮಾರಿದಾಗ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ರಿಜಿಸ್ಟರನ್ನು ತಪಾಸಣೆಯ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ತುಂಬುವ ಪದ್ಧತಿಯನ್ನು ಇನ್‌ಸ್ಪೆಕ್ಟರರೂ ಬಲ್ಲರು, ನಾವೂ ಬಲ್ಲೆವು.

ಹೊರದೇಶಗಳ ಸ್ಥಿತಿಯನ್ನೂ ನೋಡಬಹುದು. ಅಮೆರಿಕದಲ್ಲಿ ರೈತರ ಅಂಗಡಿಗಳಲ್ಲಿ ಪ್ರಾಣಿಗಳ ಪೆನ್ಸಿಲಿನ್, ಟೆಟ್ರಾಸೈಕ್ಲಿನ್ ಮುಂತಾದವು ಚೀಟಿಯಿಲ್ಲದೆ ದೊರೆಯುತ್ತಿದ್ದವು. 2023ರ ಜೂನ್‌ನಿಂದ ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಇಂಥ ಔಷಧಗಳೆಲ್ಲ ಪಶುವೈದ್ಯರ ಚೀಟಿಗೆ ಒಳಪಟ್ಟವು. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಪ್ರಾಣಿಗೆ ಬರೆದ ಆಂಟಿಬಯಾಟಿಕ್ ಚೀಟಿ ಐದೇ ದಿನ ಊರ್ಜಿತ. ನೆರೆಯ ಕೇರಳವು 2024ರಲ್ಲಿ ಚೀಟಿಯಿಲ್ಲದ ಮಾರಾಟದ ವಿರುದ್ಧ ಔಷಧ ಅಂಗಡಿಗಳಲ್ಲಿ ವಿಶೇಷ ತಪಾಸಣೆ ಕೈಗೊಂಡಿತು. ನಮ್ಮ ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ಆಹಾರೋತ್ಪಾದನೆಯ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿದಾಗ ಆ ಸರಕನ್ನು ದಾಸ್ತಾನು ಮಾಡಿದ್ದವರಿಗೆ ಆದ ಪೇಚನ್ನು ನೆನೆದರೆ, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ವ್ಯಾಪಾರಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಎಮ್ಮೆಯ ವಿಷಯಕ್ಕೆ ಬಂದರೆ ಪೆಟ್ಟು ಇನ್ನೂ ನೇರವಾದದ್ದು. ಧಾರವಾಡಿ ಎಮ್ಮೆಗೆ 2021ರಲ್ಲಿ ದೇಶೀಯ ತಳಿಯೆಂಬ ನೋಂದಣಿ ದೊರೆತಿದೆ. ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಹಾಕಿದ ಎಮ್ಮೆಯ ಹಾಲಿನಲ್ಲಿ ಔಷಧದ ಅಂಶ ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ, ಏಕೆಂದರೆ ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ. 2012ರ ತಿದ್ದುಪಡಿಯಂತೆ ಔಷಧದ ಲೇಬಲ್ಲಿನ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂಬ ಅವಧಿ ಇರಬೇಕು. ತಯಾರಕರು ನಿರ್ದಿಷ್ಟ ಅವಧಿ ಕಂಡುಕೊಂಡಿರದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಗೌಳಿಗರಿಗೆ ಆ ಅಕ್ಷರಗಳನ್ನು ಓದಿ ಹೇಳುವ ಕೆಲಸ ಔಷಧ ಮಾರುವವನದೇ. ನಾಯಿಯ ಔಷಧದಲ್ಲಿ ಸಡಿಲವಾದ ಕೈ ಎಮ್ಮೆಯ ಔಷಧದಲ್ಲಿಯೂ ಸಡಿಲವಾಗಿಯೇ ಇರುತ್ತದೆಂಬುದು ನನ್ನ ಅನುಭವ.

ನಮ್ಮ ಅಂಗಡಿಯಲ್ಲಿ ಮಾಡಿದ್ದು

ಆ ನಾಯಿಯ ಪ್ರಕರಣದ ಅನಂತರ ನಮ್ಮಲ್ಲಿ ಪ್ರಾಣಿಗಳ ಆಂಟಿಬಯಾಟಿಕ್ ಮಾರಾಟಕ್ಕೆ ಹೊಸ ಪದ್ಧತಿ ತರಲಾಯಿತು. ಚೀಟಿಯ ದಿನಾಂಕ ನೋಡಿ, ಔಷಧ ಕೊಟ್ಟ ಕೂಡಲೇ ಚೀಟಿಯ ಮೇಲೆ ಅಂಗಡಿಯ ಮೊಹರು ಒತ್ತುತ್ತೇವೆ. ಮೊಹರಿದ್ದ ಚೀಟಿ ಮತ್ತೆ ಬಂದರೆ ವೈದ್ಯರಿಗೆ ಫೋನ್ ಮಾಡುತ್ತೇವೆ. 28 ದಿನದ ಔಷಧವಾದರೆ ಪೂರ್ತಿ ಒಯ್ಯಲು ಒತ್ತಾಯಿಸದೆ, ಎರಡು ಕಂತಿನಲ್ಲಿ ಕೊಟ್ಟು, ಎರಡನೆಯ ಕಂತಿನ ದಿನ ನಮ್ಮ ಹುಡುಗನೇ ಒಡೆಯರಿಗೆ ಫೋನ್ ಮಾಡುತ್ತಾನೆ. ಉಣ್ಣೆಜ್ವರದ ವಿಷಯದಲ್ಲಿ ಇದರಿಂದ ಮಾರಾಟ ಹೆಚ್ಚಿತೆಂಬುದು ನಾನು ನಿರೀಕ್ಷಿಸದ ಸಂಗತಿ.

ನಷ್ಟವಾಗಲಿಲ್ಲವೆಂದರೆ ಸುಳ್ಳಾದೀತು. ಮೊದಲ ಆರು ತಿಂಗಳು ದಿನಕ್ಕೆ ಇಬ್ಬರು ಮೂವರು ಮುಖ ಗಂಟಿಕ್ಕಿ ಹೋದರು. ಒಬ್ಬರಂತೂ, "ನೀವ್ ಕೊಡ್ಲಿಲ್ಲಂದ್ರ ಏನಾತು, ಮುಂದಿನ ಓಣ್ಯಾಗ ಕೊಡ್ತಾರ" ಎಂದು ಹೇಳಿಯೇ ಹೋದರು. ಮುಂದಿನ ಓಣಿಯಲ್ಲಿ ಕೊಟ್ಟದ್ದೂ ನಿಜ. ಒಂದು ಅಂಗಡಿ ಬಿಗಿಯಾಗಿ, ಪಕ್ಕದ ಅಂಗಡಿ ಸಡಿಲವಾದರೆ ಬಿಗಿಯಾದವನಿಗೆ ದಂಡವೇ ಸರಿ. ಆದ್ದರಿಂದಲೇ ಈ ವಿಷಯವನ್ನು ಒಬ್ಬೊಬ್ಬರ ಆತ್ಮಸಾಕ್ಷಿಗೆ ಬಿಡದೆ, ಅವಳಿ ನಗರಗಳ ಔಷಧ ವ್ಯಾಪಾರಿಗಳೂ ಪಶುವೈದ್ಯರೂ ಒಂದೆಡೆ ಕುಳಿತು ಮೂರು ವಿಷಯಗಳನ್ನಾದರೂ ಒಪ್ಪಿಕೊಳ್ಳಬೇಕೆಂದು ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿಯಿದೆ: ಚೀಟಿಯ ಮೇಲೆ ಔಷಧದ ಹೆಸರು ಮತ್ತು ದಿನಗಳ ಸಂಖ್ಯೆ ಸ್ಪಷ್ಟವಾಗಿರುವುದು, ಮೊಹರು ಒತ್ತಿದ ಚೀಟಿಯನ್ನು ಯಾವ ಅಂಗಡಿಯೂ ಸ್ವೀಕರಿಸದಿರುವುದು, ಮತ್ತು ಕಲ್ಚರ್ ಪರೀಕ್ಷೆಯ ಮಾದರಿಗಳನ್ನು ಕ್ಲಿನಿಕ್‌ಗಳಿಂದ ಒಟ್ಟುಗೂಡಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡು. ಮೂರನೆಯದಕ್ಕೆ ವಾಹನ ಮತ್ತು ಹುಡುಗನ ಖರ್ಚಿದೆ. ಅದರಲ್ಲಿ ನಮ್ಮ ಅಂಗಡಿಯ ಪಾಲನ್ನು ಕೊಡಲು ನಾನು ಸಿದ್ಧನಿದ್ದೇನೆ.

ಅಮರಗೋಳದ ನಾಯಿಗೆ ಈಗ ವಯಸ್ಸಾಗಿದೆ. ಎಡಗಡೆಯಿಂದ ಕರೆದರೆ ತಿರುಗಿ ನೋಡುವುದಿಲ್ಲವಾದ್ದರಿಂದ ಹಮಾಲರು ಅದರ ಬಲಗಡೆಗೆ ಬಂದು ಕರೆಯುತ್ತಾರೆ.